ಕೆನ್ಯಾದ ಪತ್ರಿಕಾ ಸ್ವಾತಂತ್ರ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನ್ಯಾದಲ್ಲಿ ಪತ್ರಿಕಾ ಸ್ವಾತಂತ್ರ್ಯ ಇದೆಯೇ? ಒಂದೇ ಮಾತಿನಲ್ಲಿ ಹೇಳಿ.

ಇದೆ. ಅಧ್ಯಕ್ಷರನ್ನು ಹೆಸರು ಹಿಡಿದು ಟೀಕಿಸುವ ಪತ್ರಿಕೆ ಪ್ರತಿದಿನ ಬೆಳಿಗ್ಗೆ ನೈರೋಬಿಯ ರಸ್ತೆ ಬದಿಯಲ್ಲಿ ಮಾರಾಟವಾಗುತ್ತದೆ. ವ್ಯಂಗ್ಯಚಿತ್ರಕಾರರು ಮಂತ್ರಿಗಳನ್ನು ಬಿಡುವುದಿಲ್ಲ. ಸರ್ಕಾರದ ಆದೇಶವನ್ನು ಹೈಕೋರ್ಟ್ ಅದೇ ದಿನ ತಡೆಹಿಡಿದದ್ದೂ ಉಂಟು. ಅಕ್ಕಪಕ್ಕದ ಇಥಿಯೋಪಿಯಾ, ತಾಂಜಾನಿಯಾಗಳ ಪತ್ರಕರ್ತರಿಗೆ ಇಷ್ಟು ಜಾಗ ಸಿಕ್ಕಿಲ್ಲ.

ಆದರೆ ಎರಡು ವಸ್ತುಗಳು ಇನ್ನೂ ಸರ್ಕಾರದ ಕೈಗೆಟಕುವಷ್ಟು ಹತ್ತಿರದಲ್ಲಿವೆ: ಪ್ರಸಾರ ಗೋಪುರದ ಸ್ವಿಚ್ಚು ಮತ್ತು ಜಾಹೀರಾತಿನ ಹಣದ ಚೀಲ. ಸಂಪಾದಕರನ್ನು ಜೈಲಿಗೆ ಹಾಕುವ ಕಾಲ ಬಹುಮಟ್ಟಿಗೆ ಮುಗಿದಿದೆ, ಈಗಿನ ಜಗಳವೆಲ್ಲ ಇವೆರಡರ ಸುತ್ತ ನಡೆಯುತ್ತದೆ. ಕೆನ್ಯಾದ ಸುದ್ದಿ ಓದುವಾಗ ಇದನ್ನು ನೆನಪಿನಲ್ಲಿಟ್ಟರೆ ಅರ್ಧ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಂವಿಧಾನದಲ್ಲಿ ಏನಿದೆ?

2010ರ ಆಗಸ್ಟ್ 27ರಂದು ಜಾರಿಗೆ ಬಂದ ಸಂವಿಧಾನದ ಮೂರು ವಿಧಿಗಳು ಮುಖ್ಯ. 33ನೇ ವಿಧಿ ಪ್ರತಿಯೊಬ್ಬರಿಗೂ ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. ಯುದ್ಧದ ಪ್ರಚಾರ, ಹಿಂಸೆಗೆ ಪ್ರಚೋದನೆ, ದ್ವೇಷ ಭಾಷಣ ಇವಕ್ಕೆ ಆ ರಕ್ಷಣೆ ಇಲ್ಲವೆಂದೂ ಅಲ್ಲೇ ಬರೆದಿದೆ. 34ನೇ ವಿಧಿ ಮಾಧ್ಯಮಕ್ಕೇ ಮೀಸಲು: ಪ್ರಸಾರ, ಮುದ್ರಣ, ಹಂಚಿಕೆಯಲ್ಲಿ ತೊಡಗಿದವರ ಮೇಲೆ ಸರ್ಕಾರ ಹಿಡಿತ ಸಾಧಿಸುವಂತಿಲ್ಲ, ಅಭಿಪ್ರಾಯಕ್ಕಾಗಿ ಯಾರನ್ನೂ ಶಿಕ್ಷಿಸುವಂತಿಲ್ಲ. 35ನೇ ವಿಧಿ ನಾಗರಿಕರಿಗೆ ಸರ್ಕಾರದ ಬಳಿ ಇರುವ ಮಾಹಿತಿ ಪಡೆಯುವ ಹಕ್ಕು ಕೊಡುತ್ತದೆ.

ಭಾರತದ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಬೇರೆಯೇ ವಿಧಿ ಇಲ್ಲ, ಅದು ಅಭಿವ್ಯಕ್ತಿ ಸ್ವಾತಂತ್ರ್ಯದ 19(1)(ಎ) ವಿಧಿಯೊಳಗೆ ಅಡಗಿದೆ ಎಂದು ನ್ಯಾಯಾಲಯಗಳು ಹೇಳಿದ್ದರಿಂದ ಬಂದದ್ದು. ಕೆನ್ಯನ್ನರು ಅದನ್ನು ಹೆಸರಿಟ್ಟು ಬರೆದಿಟ್ಟುಕೊಂಡರು. ದಶಕಗಟ್ಟಲೆ ಪೆಟ್ಟು ತಿಂದ ಮೇಲೆ ಬರೆದ ಸಾಲುಗಳವು.

ಹಾಗಾದರೆ ಟಿವಿ ಚಾನೆಲ್‌ಗಳು ಹಠಾತ್ತಾಗಿ ಬಂದ್ ಆಗುವುದು ಹೇಗೆ?

ಇದಕ್ಕೆ ಉತ್ತರ ಸಿಗುವುದು ತಂತ್ರಜ್ಞಾನದಲ್ಲಿ. ಸ್ಟುಡಿಯೋ ನೈರೋಬಿಯಲ್ಲಿರುತ್ತದೆ, ಸಿಗ್ನಲ್ ಮಾತ್ರ ಊರ ಹೊರಗಿನ ಎತ್ತರದ ಜಾಗದಿಂದ ಹೊರಡುತ್ತದೆ. ನೈರೋಬಿ ಸುತ್ತಮುತ್ತಲಿಗೆ ಲಿಮುರು ಎಂಬಲ್ಲಿನ ಕೇಂದ್ರ ಮುಖ್ಯ. ಚಾನೆಲ್‌ನ ಕಚೇರಿಗೆ ನುಗ್ಗಿದರೆ ಕ್ಯಾಮೆರಾಗಳ ಮುಂದೆಯೇ ನುಗ್ಗಬೇಕು, ಇಡೀ ದೇಶ ನೋಡುತ್ತದೆ. ಲಿಮುರುವಿಗೆ ನಾಲ್ಕು ಅಧಿಕಾರಿಗಳು ಪೊಲೀಸರೊಂದಿಗೆ ಹೋಗಿ ಉಪಕರಣ ಆರಿಸಿದರೆ ಕೆಲಸ ಮುಗಿಯಿತು.

2015ರಲ್ಲಿ ಟಿವಿ ಪ್ರಸಾರ ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಾದಾಗಿನ ಜಗಳದ ಮೂಲದಲ್ಲೂ ಇದೇ ಪ್ರಶ್ನೆ ಇತ್ತು: ಸಿಗ್ನಲ್ ಯಾರ ಕೈಯಲ್ಲಿ? ಸಿಗ್ನಲ್ ಹಂಚುವ ಪರವಾನಗಿ ಮೊದಲು ಸಿಕ್ಕಿದ್ದು ಸರ್ಕಾರಿ ಪ್ರಸಾರ ಸಂಸ್ಥೆ ಕೆಬಿಸಿಗೆ ಸೇರಿದ ಸಿಗ್ನೆಟ್‌ಗೆ ಮತ್ತು ಚೀನಾ ಮೂಲದ ಪ್ಯಾಂಗ್ ಕಂಪನಿಗೆ. ತಮ್ಮ ಸಿಗ್ನಲ್ ಬೇರೆಯವರ ಕೈಯಲ್ಲಿರುವುದು ಬೇಡವೆಂದು ನೇಷನ್, ಸ್ಟ್ಯಾಂಡರ್ಡ್, ರಾಯಲ್ ಮೀಡಿಯಾ ಎಂಬ ಮೂರು ದೊಡ್ಡ ಖಾಸಗಿ ಮಾಧ್ಯಮ ಸಂಸ್ಥೆಗಳು ಸುಪ್ರೀಂ ಕೋರ್ಟ್‌ವರೆಗೆ ಹೋದವು. ಫೆಬ್ರುವರಿ 14ರಂದು ಹಳೆಯ ಅನಲಾಗ್ ಪ್ರಸಾರ ಕಡಿತವಾಯಿತು. ದೇಶದ ಅತಿ ಹೆಚ್ಚು ವೀಕ್ಷಕರಿದ್ದ ನಾಲ್ಕು ಚಾನೆಲ್‌ಗಳು 19 ದಿನ ಕಾಣಲಿಲ್ಲ. ಕೊನೆಗೆ ಮೂರೂ ಸಂಸ್ಥೆಗಳು ಸೇರಿ ತಮ್ಮದೇ ವಿತರಣಾ ಜಾಲ ಮಾಡಿಕೊಂಡವು. ಜಾಲ ಸ್ವಂತದ್ದಾದರೂ ಅದರ ಪರವಾನಗಿ ಸರ್ಕಾರದ್ದು ಎಂಬುದು ಮೂರೇ ವರ್ಷದಲ್ಲಿ ಗೊತ್ತಾಯಿತು.

2018ರ ಜನವರಿ 30. ಚುನಾವಣೆಯ ಫಲಿತಾಂಶ ಒಪ್ಪದ ವಿರೋಧ ಪಕ್ಷದ ನಾಯಕ ರೈಲಾ ಒಡಿಂಗಾ ಉಹುರು ಪಾರ್ಕ್‌ನಲ್ಲಿ ತಾವೇ 'ಜನರ ಅಧ್ಯಕ್ಷ' ಎಂದು ಪ್ರಮಾಣ ಮಾಡಿದರು. ಅದನ್ನು ನೇರ ಪ್ರಸಾರ ಮಾಡುತ್ತಿದ್ದ ಎನ್‌ಟಿವಿ, ಕೆಟಿಎನ್, ಸಿಟಿಜನ್ ಮತ್ತು ಇನೂರೋ ಟಿವಿಗಳು ಕತ್ತಲಾದವು. ಬಂಧನದ ಸುಳಿವು ಸಿಕ್ಕಿ ಎನ್‌ಟಿವಿಯ ಮೂವರು ಪತ್ರಕರ್ತರು ರಾತ್ರಿ ಕಚೇರಿಯಲ್ಲೇ ಕಳೆದರು. ಫೆಬ್ರುವರಿ 1ರಂದು ಹೈಕೋರ್ಟ್ ಪ್ರಸಾರ ಮರಳಿಸಲು ಆದೇಶಿಸಿತು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಎನ್‌ಟಿವಿ, ಕೆಟಿಎನ್ ಮರಳಿದ್ದು 5ರಂದು, ಸಿಟಿಜನ್ ಮರಳಿದ್ದು 8ರಂದು.

2025ರ ಜೂನ್ 25ರಂದು ಅದೇ ಚಿತ್ರ. ಹಿಂದಿನ ವರ್ಷ ಅದೇ ದಿನ ಹಣಕಾಸು ಮಸೂದೆ ವಿರುದ್ಧದ ಪ್ರತಿಭಟನೆಯಲ್ಲಿ ಸತ್ತವರ ನೆನಪಿಗಾಗಿ ಯುವಜನರು ಬೀದಿಗಿಳಿದಿದ್ದರು. ಪ್ರಸಾರ ಪರವಾನಗಿ ಕೊಡುವ ಕಮ್ಯುನಿಕೇಷನ್ಸ್ ಅಥಾರಿಟಿ ಎಲ್ಲ ಟಿವಿ, ರೇಡಿಯೋಗಳಿಗೂ ನೇರ ಪ್ರಸಾರ ನಿಲ್ಲಿಸಿ ಎಂದು ಪತ್ರ ಕಳಿಸಿತು. ಒಪ್ಪದ ಎನ್‌ಟಿವಿ, ಕೆಟಿಎನ್‌ಗಳ ಸಿಗ್ನಲ್ ಹೋಯಿತು. ಈ ಬಾರಿ ಹೈಕೋರ್ಟ್ ಅದೇ ದಿನ ಆದೇಶವನ್ನು ತಡೆಹಿಡಿದು ಪ್ರಸಾರ ಮರಳಿಸಲು ಹೇಳಿತು, ರಾತ್ರಿಯೊಳಗೆ ಚಾನೆಲ್‌ಗಳು ಬಂದವು.

ಎರಡು ಘಟನೆಗಳ ನಡುವೆ ಬದಲಾದದ್ದು ಕತ್ತಲೆಯ ಅವಧಿ: ಒಂದು ವಾರದಿಂದ ಕೆಲವು ಗಂಟೆಗೆ. ಇದು ಸಣ್ಣ ಗೆಲುವಲ್ಲ. ಆದರೂ ಕತ್ತಲೆ ಬೇಕಾದವರಿಗೆ ಬೀದಿಯಲ್ಲಿ ಗುಂಡು ಹಾರುತ್ತಿರುವ ಹೊತ್ತಿನ ಆ ಕೆಲವೇ ಗಂಟೆಗಳು ಸಾಕು. ಕೋರ್ಟ್ ಎಷ್ಟೇ ಬೇಗ ಓಡಿದರೂ ಆ ದೃಶ್ಯಗಳು ನೇರವಾಗಿ ಜನರಿಗೆ ಕಾಣಲಿಲ್ಲ.

ಸಿಗ್ನಲ್ ಹೋದಾಗ ಸುದ್ದಿ ಎಲ್ಲಿ ನೋಡುವುದು?

ಆ ಚಾನೆಲ್‌ಗಳ ಯೂಟ್ಯೂಬ್ ಪುಟಗಳಲ್ಲಿ. ಗೋಪುರ ಆರಿಸಿದರೆ ಇಂಟರ್ನೆಟ್ ಪ್ರಸಾರ ನಿಲ್ಲುವುದಿಲ್ಲ. 2018ರಲ್ಲೂ 2025ರಲ್ಲೂ ಚಾನೆಲ್‌ಗಳು ಹೀಗೇ ಮುಂದುವರಿದವು. ಆದರೆ ಡೇಟಾ ದುಡ್ಡು ಕೊಟ್ಟು ಕೊಳ್ಳಬೇಕಾದ ಹಳ್ಳಿಯ ಮನೆಗೆ ಯೂಟ್ಯೂಬ್ ಟಿವಿಯ ಬದಲಿ ಆಗಲಾರದು. 2024ರ ಜೂನ್ 25ರಂದು ಇಂಟರ್ನೆಟ್ಟೇ ಕುಂಟಿತ್ತು ಎಂಬುದನ್ನೂ ಮರೆಯಬಾರದು.

ಮೀಡಿಯಾ ಕೌನ್ಸಿಲ್ ಬೇರೆ, ಕಮ್ಯುನಿಕೇಷನ್ಸ್ ಅಥಾರಿಟಿ ಬೇರೆಯೇ?

ಬೇರೆ. ಗೊಂದಲ ಆಗುವುದು ಸಹಜ, ಅಲ್ಲಿನ ಅಧಿಕಾರಿಗಳೇ ಗೊಂದಲ ಮಾಡುತ್ತಾರೆ.

2013ರ ಕಾಯ್ದೆಯಡಿ ಕೆಲಸ ಮಾಡುವ ಮೀಡಿಯಾ ಕೌನ್ಸಿಲ್ ಆಫ್ ಕೆನ್ಯಾ ಪತ್ರಕರ್ತರಿಗೆ ಮಾನ್ಯತಾ ಕಾರ್ಡ್ ಕೊಡುತ್ತದೆ, ನೀತಿ ಸಂಹಿತೆ ನೋಡಿಕೊಳ್ಳುತ್ತದೆ. ವರದಿಯಿಂದ ತೊಂದರೆಯಾದವರ ದೂರನ್ನು ಅದರ ದೂರು ಆಯೋಗ ಕೇಳುತ್ತದೆ. ಕಮ್ಯುನಿಕೇಷನ್ಸ್ ಅಥಾರಿಟಿ ಕೊಡುವುದು ತರಂಗಾಂತರ ಮತ್ತು ಪ್ರಸಾರ ಪರವಾನಗಿ. ಸುದ್ದಿಯಲ್ಲಿ ಏನಿರಬೇಕು ಎನ್ನುವುದು ಕೌನ್ಸಿಲ್‌ನ ಕೆಲಸ, ಸಿಗ್ನಲ್ ಹೇಗೆ ಹೋಗಬೇಕು ಎನ್ನುವುದು ಅಥಾರಿಟಿಯ ಕೆಲಸ. ನೇರ ಪ್ರಸಾರ ನಿಲ್ಲಿಸಿ ಎಂದು ಅಥಾರಿಟಿ ಹೇಳಿದಾಗಲೆಲ್ಲ ವಕೀಲರು ಮೊದಲು ಎತ್ತುವ ಪ್ರಶ್ನೆಯೂ ಇದೇ: ಒಳಗಿನ ವಿಷಯದ ಮೇಲೆ ನಿಮಗೆ ಅಧಿಕಾರ ಕೊಟ್ಟವರು ಯಾರು?

2013ರಲ್ಲೇ ತಿದ್ದುಪಡಿಯಾದ ಸಂವಹನ ಕಾಯ್ದೆಯಡಿ ಒಂದು ನ್ಯಾಯಮಂಡಳಿಯೂ ಇದೆ. ಸಂಸ್ಥೆಗೆ 2 ಕೋಟಿ ಶಿಲ್ಲಿಂಗ್, ಪತ್ರಕರ್ತರಿಗೆ 5 ಲಕ್ಷ ಶಿಲ್ಲಿಂಗ್‌ವರೆಗೆ ದಂಡ ಹಾಕಲು ಆ ತಿದ್ದುಪಡಿ ಅವಕಾಶ ಕೊಟ್ಟಿತು. ಜಿಲ್ಲಾ ಮಟ್ಟದ ಸಣ್ಣ ರೇಡಿಯೋಗೆ ಅಂಥ ಒಂದು ದಂಡ ಬಿದ್ದರೆ ಬಾಗಿಲು ಮುಚ್ಚಿದಂತೆಯೇ.

ಮಾಧ್ಯಮ ಸಂಸ್ಥೆಗಳ ಮಾಲೀಕರು ಯಾರು?

ನೇಷನ್ ಸಮೂಹವನ್ನು ಕಟ್ಟಿದವರು ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು 4ನೇ ಆಗಾ ಖಾನ್. 1960ರಲ್ಲಿ ಆರಂಭವಾದ ಡೈಲಿ ನೇಷನ್, ಸ್ವಾಹಿಲಿಯ ತೈಫಾ ಲಿಯೋ, ಎನ್‌ಟಿವಿ ಇದರವು. ಸ್ಟ್ಯಾಂಡರ್ಡ್ ಸಮೂಹ ಮತ್ತು ಕೆಟಿಎನ್ ಮಾಜಿ ಅಧ್ಯಕ್ಷ ಮೊಯಿ ಅವರ ಕುಟುಂಬದೊಂದಿಗೆ, ಕೆ24, ಕಾಮೆಮೆ ರೇಡಿಯೋ ಇರುವ ಮೀಡಿಯಾಮ್ಯಾಕ್ಸ್ ಕೆನ್ಯಾಟ್ಟಾ ಕುಟುಂಬದೊಂದಿಗೆ ಗುರುತಿಸಿಕೊಂಡವು. ಸಿಟಿಜನ್ ಟಿವಿ ಮತ್ತು ಹತ್ತಾರು ಭಾಷಾ ರೇಡಿಯೋಗಳ ರಾಯಲ್ ಮೀಡಿಯಾ ಉದ್ಯಮಿ ಎಸ್.ಕೆ. ಮಚಾರಿಯಾ ಅವರದು. ದಿ ಸ್ಟಾರ್ ಪತ್ರಿಕೆ, ಕಿಸ್ ಎಫ್‌ಎಂ ಇರುವುದು ರೇಡಿಯೋ ಆಫ್ರಿಕಾ ಸಮೂಹದಲ್ಲಿ. ಕೆಬಿಸಿ ಸರ್ಕಾರದ್ದು, 1989ರವರೆಗೆ ಅದರ ಹೆಸರು ವಾಯ್ಸ್ ಆಫ್ ಕೆನ್ಯಾ. 1990ರಲ್ಲಿ ಕೆಟಿಎನ್ ಬರುವ ತನಕ ದೇಶದಲ್ಲಿ ಇದ್ದದ್ದು ಆ ಒಂದೇ ಟಿವಿ.

ಎರಡು ಅಧ್ಯಕ್ಷ ಕುಟುಂಬಗಳ ಹೆಸರು ಎರಡು ದೊಡ್ಡ ಸಂಸ್ಥೆಗಳೊಂದಿಗೆ ಸೇರಿರುವ ದೇಶದಲ್ಲಿ ಯಾವ ವರದಿ ಯಾವ ಪತ್ರಿಕೆಯಲ್ಲಿ ಬರಲಿಲ್ಲ ಎಂಬುದನ್ನೂ ಓದಬೇಕಾಗುತ್ತದೆ. ಒಂದೇ ಘಟನೆಯನ್ನು ಕನಿಷ್ಠ ಎರಡು ಬೇರೆ ಮಾಲೀಕರ ಪತ್ರಿಕೆಗಳಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಜಾಹೀರಾತಿನ ಹಣದಿಂದ ಬಾಯಿ ಮುಚ್ಚಿಸುವುದು ಹೇಗೆ?

ಸರ್ಕಾರವೇ ಅತಿ ದೊಡ್ಡ ಜಾಹೀರಾತುದಾರರಲ್ಲಿ ಒಬ್ಬ. ಟೆಂಡರ್, ನೇಮಕಾತಿ, ಸಾರ್ವಜನಿಕ ಪ್ರಕಟಣೆ ಎಲ್ಲ ಪತ್ರಿಕೆಗಳಲ್ಲಿ ಬರಲೇಬೇಕು. 2015ರಿಂದ ಇವೆಲ್ಲವನ್ನೂ ಸರ್ಕಾರಿ ಜಾಹೀರಾತು ಸಂಸ್ಥೆಯೊಂದರ ಮೂಲಕ ಹರಿಸಲಾಯಿತು. ಮೊದಲು ಪ್ರತಿ ಇಲಾಖೆಯೂ ತನಗೆ ಬೇಕಾದಲ್ಲಿ ಜಾಹೀರಾತು ಕೊಡುತ್ತಿತ್ತು, ಒಂದು ಇಲಾಖೆ ಮುನಿದರೆ ಇನ್ನೊಂದು ಇರುತ್ತಿತ್ತು. ಎಲ್ಲವೂ ಒಂದೇ ನಲ್ಲಿಯಿಂದ ಬರುವಂತಾದ ಮೇಲೆ ಆ ನಲ್ಲಿ ತಿರುಗಿಸುವ ಕೈ ಎಲ್ಲರಿಗೂ ಮುಖ್ಯವಾಯಿತು.

ಎರಡನೆಯ ಪೆಟ್ಟು ಬಾಕಿ ಉಳಿಸಿಕೊಳ್ಳುವುದು. ಜಾಹೀರಾತು ಪ್ರಕಟವಾಗುತ್ತದೆ, ಬಿಲ್ ಹೋಗುತ್ತದೆ, ದುಡ್ಡು ಬರುವುದಿಲ್ಲ. ಕಾಗದ, ಶಾಯಿ, ಸಂಬಳ ಯಾವುದೂ ಕಾಯುವುದಿಲ್ಲವಲ್ಲ. ಬಾಕಿ ಕೇಳಲು ಹೋದ ಸಂಸ್ಥೆ ಅದೇ ವಾರ ಆ ಮಂತ್ರಿಯ ಹಗರಣ ಬರೆಯಲು ಎರಡು ಬಾರಿ ಯೋಚಿಸುತ್ತದೆ. ಯಾರೂ ಫೋನ್ ಮಾಡಿ ಬೆದರಿಸಬೇಕಾಗಿಲ್ಲ.

2024ರಲ್ಲಿ ಇದು ಇನ್ನಷ್ಟು ಬಿಗಿಯಾಯಿತು. ಮುದ್ರಣದ ಸರ್ಕಾರಿ ಜಾಹೀರಾತು ಒಂದೇ ಪತ್ರಿಕೆಯ ಪಾಲಾಯಿತು, ಟಿವಿ, ರೇಡಿಯೋ ಜಾಹೀರಾತುಗಳನ್ನು ಕೆಬಿಸಿಗೆ ಮಾತ್ರ ಕೊಡುವಂತೆ ಇಲಾಖೆಗಳಿಗೆ ಸುತ್ತೋಲೆ ಹೋಯಿತು. ವಕೀಲರ ಸಂಘಟನೆಯಾದ ಲಾ ಸೊಸೈಟಿ ಆಫ್ ಕೆನ್ಯಾ ಇದನ್ನು ಕೋರ್ಟ್‌ನಲ್ಲಿ ಪ್ರಶ್ನಿಸಿತು. 2025ರ ಏಪ್ರಿಲ್ ಕೊನೆಗೆ ಜೂಜು, ಬೆಟ್ಟಿಂಗ್ ಜಾಹೀರಾತುಗಳಿಗೆ 30 ದಿನಗಳ ತಡೆ ಬಂತು. ಅಲ್ಲಿನ ರೇಡಿಯೋಗಳು ಬೆಟ್ಟಿಂಗ್ ಕಂಪನಿಗಳ ದುಡ್ಡಿನ ಮೇಲೆ ಎಷ್ಟು ಒರಗಿದ್ದವು ಎಂಬುದು ಆಗ ಬಯಲಾಯಿತು. ಬೆಟ್ಟಿಂಗ್‌ನಿಂದ ಮನೆಗಳು ಹಾಳಾಗುತ್ತಿರುವುದು ನಿಜ, ಆ ತಡೆ ಬೇಡವಾಗಿತ್ತು ಎನ್ನಲು ಬರುವುದಿಲ್ಲ. ಆದರೆ ಒಂದೇ ಬಗೆಯ ಜಾಹೀರಾತುದಾರನನ್ನು ನಂಬಿದ ನ್ಯೂಸ್‌ರೂಮ್ ಆ ಜಾಹೀರಾತುದಾರನ ಬಗ್ಗೆಯೂ ಬರೆಯಲಾರದು, ಅವನಿಗೆ ಪರವಾನಗಿ ಕೊಡುವ ಸರ್ಕಾರದ ಬಗ್ಗೆಯೂ ಬರೆಯಲಾರದು.

'ಗಿಥೇರಿ ಮೀಡಿಯಾ' ಎಂದರೇನು?

ಗಿಥೇರಿ ಎಂದರೆ ಮೆಕ್ಕೆಜೋಳ ಮತ್ತು ಹುರುಳಿಕಾಯಿಯ ಕಾಳು ಬೇಯಿಸಿ ಮಾಡುವ ಸಾದಾ ಊಟ. 2017ರ ಚುನಾವಣೆಯ ದಿನ ಮತಗಟ್ಟೆ ಸಾಲಿನಲ್ಲಿ ನಿಂತು ಪ್ಲಾಸ್ಟಿಕ್ ಚೀಲದಿಂದ ಗಿಥೇರಿ ತಿನ್ನುತ್ತಿದ್ದ ಮನುಷ್ಯನ ಫೋಟೊ ಎಲ್ಲೆಡೆ ಹರಿದಾಡಿತು, ಟಿವಿಗಳು ದಿನಗಟ್ಟಲೆ ಅವನ ಹಿಂದೆ ಬಿದ್ದವು. ಫಲಿತಾಂಶದ ನಂತರದ ಗಲಭೆ, ಪೊಲೀಸರ ಗುಂಡು ಇವನ್ನು ಬಿಟ್ಟು ಇದನ್ನು ತೋರಿಸುತ್ತೀರಾ ಎಂದು ಸಿಟ್ಟಾದ ಜನ ದೊಡ್ಡ ಮಾಧ್ಯಮಗಳಿಗೆ ಈ ಹೆಸರಿಟ್ಟರು. ಸ್ವಯಂ ಸೆನ್ಸಾರ್‌ಗೆ ಓದುಗರೇ ಕೊಟ್ಟ ಹೆಸರು ಅದು, ಇಂದಿಗೂ ಬಳಕೆಯಲ್ಲಿದೆ.

ಆ ಸಿಟ್ಟಿಗೆ ಆಧಾರವಿತ್ತು. 2016ರ ಹೊಸ ವರ್ಷಕ್ಕೆ ಅಧ್ಯಕ್ಷರನ್ನು ಕಟುವಾಗಿ ಟೀಕಿಸಿ ಡೈಲಿ ನೇಷನ್‌ನಲ್ಲಿ ಸಂಪಾದಕೀಯ ಬರೆದ ಡೆನಿಸ್ ಗಲಾವಾ ಅದೇ ತಿಂಗಳು ಕೆಲಸ ಕಳೆದುಕೊಂಡರು. ಅದೇ ವರ್ಷ ಆಫ್ರಿಕಾದ ಹೆಸರಾಂತ ವ್ಯಂಗ್ಯಚಿತ್ರಕಾರ ಗಾಡೊ ಅವರ ಒಪ್ಪಂದವೂ ಅಲ್ಲಿ ನವೀಕರಣವಾಗಲಿಲ್ಲ.

ಭಾಷಾ ರೇಡಿಯೋಗಳ ಬಗ್ಗೆ ಇಷ್ಟು ಆತಂಕ ಯಾಕೆ?

ಕೆನ್ಯಾದಲ್ಲಿ ನಲವತ್ತಕ್ಕೂ ಹೆಚ್ಚು ಭಾಷೆಗಳಿವೆ. ಸ್ವಾಹಿಲಿ, ಇಂಗ್ಲಿಷ್ ಎರಡೂ ಆಡಳಿತ ಭಾಷೆಗಳು, ಆದರೆ ಹೊಲದಲ್ಲಿ, ಅಡುಗೆಮನೆಯಲ್ಲಿ, ಮಟಾಟು ಎಂಬ ಬಾಡಿಗೆ ವ್ಯಾನುಗಳಲ್ಲಿ ಕೇಳುವುದು ತಾಯ್ನುಡಿಯ ರೇಡಿಯೋ. 2000ದಲ್ಲಿ ಕಿಕುಯು ಭಾಷೆಯ ಕಾಮೆಮೆ ಎಫ್‌ಎಂ ಬಂದ ಮೇಲೆ ಲುವೊ ಭಾಷೆಯ ರಮೋಗಿ, ಕಲೆಂಜಿನ್‌ನ ಕಾಸ್, ಕಂಬಾದ ಮುಸ್ಯಿ, ಲುಹ್ಯಾದ ಮುಲೆಂಬೆ ಹೀಗೆ ಒಂದೊಂದಾಗಿ ಹುಟ್ಟಿದವು. ರೈತನಿಗೆ ಹಾಲಿನ ದರ, ಮಳೆಯ ಸುದ್ದಿ ತನ್ನ ನುಡಿಯಲ್ಲಿ ಸಿಕ್ಕಿತು. ತಾಯ್ನುಡಿಯ ಆಕಾಶವಾಣಿ ಕೇಳಿ ಬೆಳೆದ ಕನ್ನಡಿಗರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆದರೆ 2007ರ ಡಿಸೆಂಬರ್ ಚುನಾವಣೆಯ ನಂತರದ ಹಿಂಸೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟರು. ಕೆಲವು ಭಾಷಾ ರೇಡಿಯೋಗಳ ಫೋನ್-ಇನ್ ಕಾರ್ಯಕ್ರಮಗಳಲ್ಲಿ ಬೇರೆ ಬುಡಕಟ್ಟಿನವರ ವಿರುದ್ಧ ಮಾತು ಹರಿಯಿತು ಎಂಬ ಆರೋಪ ಬಂತು. ಕಾಸ್ ಎಫ್‌ಎಂನ ನಿರೂಪಕ ಜೋಶುವಾ ಅರಪ್ ಸಾಂಗ್ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ವಿಲಿಯಂ ರೂಟೊ ಜತೆ ಆರೋಪಿಯಾಗಿ ನಿಂತರು. ಸಾಕ್ಷ್ಯ ಸಾಲದೆಂದು 2016ರ ಏಪ್ರಿಲ್ 5ರಂದು ಪ್ರಕರಣ ನಿಂತಿತು. ರೂಟೊ ಈಗ ದೇಶದ ಅಧ್ಯಕ್ಷರು.

ತಪ್ಪಾಗುತ್ತಿದ್ದದ್ದು ಮುಖ್ಯವಾಗಿ ಫೋನ್-ಇನ್‌ನಲ್ಲಿ. ನಿರೂಪಕನಿಗೆ ತರಬೇತಿ ಇಲ್ಲ, ಕರೆಯನ್ನು ಕೆಲವು ಸೆಕೆಂಡು ತಡವಾಗಿ ಪ್ರಸಾರ ಮಾಡುವ ಸಾಧನ ಇಲ್ಲ. ಹಾಗಾಗಿ ಬೈಗುಳ ನೇರವಾಗಿ ಗಾಳಿಗೆ ಹೋಗುತ್ತದೆ. ಗಾದೆ, ಒಗಟಿನ ಮರೆಯಲ್ಲಿ ಹೇಳಿದ ದ್ವೇಷದ ಮಾತು ಆ ಭಾಷೆ ಬಾರದ ನಿಯಂತ್ರಕರಿಗೆ ಗೊತ್ತೇ ಆಗುವುದಿಲ್ಲ. 2008ರ ರಾಷ್ಟ್ರೀಯ ಐಕ್ಯ ಕಾಯ್ದೆ ದ್ವೇಷ ಭಾಷಣಕ್ಕೆ 10 ಲಕ್ಷ ಶಿಲ್ಲಿಂಗ್ ದಂಡ ಅಥವಾ 3 ವರ್ಷ ಜೈಲು, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಕರೆ ತಡೆಯುವ ಸಾಧನ ಮತ್ತು ಭಾಷೆ ಬಲ್ಲ ಸಂಪಾದಕ ಇವೆರಡು ಆ ಕಾಯ್ದೆಗಿಂತ ಹೆಚ್ಚು ಕೆಲಸ ಮಾಡುತ್ತವೆ.

2007ರ ಆ ಚುನಾವಣೆಯ ಬೆನ್ನಿಗೇ ಸರ್ಕಾರ ಡಿಸೆಂಬರ್ 30ರಿಂದ ಸುಮಾರು ಒಂದು ತಿಂಗಳು ಎಲ್ಲ ನೇರ ಪ್ರಸಾರ ನಿಷೇಧಿಸಿತ್ತು. ದ್ವೇಷದ ಮಾತನ್ನು ತಡೆಯುವ ಹೆಸರಿನಲ್ಲಿ ಬಂದ ಆ ನಿಷೇಧವೇ ಮುಂದೆ 2018, 2025ರ ಕತ್ತಲೆಗೆ ಮಾದರಿಯಾಯಿತು.

ಬರೆದದ್ದಕ್ಕೆ ಈಗಲೂ ಜೈಲಿಗೆ ಹೋಗಬೇಕಾಗುತ್ತದೆಯೇ?

ಹಳೆಯ ಕಾಯ್ದೆಗಳು ಒಂದೊಂದಾಗಿ ಬಿದ್ದಿವೆ. ರಾಜದ್ರೋಹದ ಕಲಂ 1997ರಲ್ಲೇ ರದ್ದಾಯಿತು. ಭಯೋತ್ಪಾದನೆ ತಡೆಯ ಹೆಸರಿನಲ್ಲಿ 2014ರಲ್ಲಿ ತಂದ ಭದ್ರತಾ ಕಾಯ್ದೆಯ ಮಾಧ್ಯಮ ಕಲಂಗಳನ್ನು 2015ರ ಫೆಬ್ರುವರಿಯಲ್ಲಿ ಹೈಕೋರ್ಟ್ ತೆಗೆದುಹಾಕಿತು. ಫೋನ್, ಇಂಟರ್ನೆಟ್ ದುರ್ಬಳಕೆಯ 29ನೇ ಕಲಂ 2016ರಲ್ಲಿ ಬಿತ್ತು. ಕ್ರಿಮಿನಲ್ ಮಾನಹಾನಿ 2017ರ ಫೆಬ್ರುವರಿಯಲ್ಲಿ, ಸರ್ಕಾರಿ ಅಧಿಕಾರಿಯ ಅಧಿಕಾರಕ್ಕೆ ಕುಂದು ತರುವ ಅಪರಾಧ ಅದೇ ಏಪ್ರಿಲ್‌ನಲ್ಲಿ ಅಸಾಂವಿಧಾನಿಕವಾದವು. ಈಗ ಮಾನಹಾನಿಗೆ ಸಿವಿಲ್ ದಾವೆ ಮಾತ್ರ ಉಳಿದಿದೆ. ಪರಿಹಾರದ ಮೊತ್ತ ದೊಡ್ಡದಿರುವುದರಿಂದ ಸಣ್ಣ ಪತ್ರಿಕೆಗಳಿಗೆ ಅದೂ ಭಯವೇ.

ಜಾಗ ಬಿಡದೆ ನಿಂತಿರುವುದು 2018ರ ಸೈಬರ್ ಅಪರಾಧ ಕಾಯ್ದೆ. ಅದರ 22ನೇ ಕಲಂ ಸುಳ್ಳು ಮಾಹಿತಿ ಪ್ರಕಟಿಸಿದರೆ 50 ಲಕ್ಷ ಶಿಲ್ಲಿಂಗ್‌ವರೆಗೆ ದಂಡ, 2 ವರ್ಷದವರೆಗೆ ಜೈಲು ಎಂದಿತು. ಗಾಬರಿ, ಗಲಭೆ ಹುಟ್ಟಿಸುವ ಸುಳ್ಳಿಗೆ 23ನೇ ಕಲಂ 10 ವರ್ಷದವರೆಗೆ ಜೈಲು ಎಂದಿತು. ಬ್ಲಾಗರ್‌ಗಳ ಸಂಘ ಕೋರ್ಟಿಗೆ ಹೋಗಿ 26 ಕಲಂಗಳಿಗೆ ತಡೆ ತಂದಿತು, 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಹೋರಾಟ ಮೇಲ್ಮನವಿಗೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಇದಕ್ಕೆ ಇನ್ನೊಂದು ತಿದ್ದುಪಡಿ ಬಂತು. ಸಹಿ ಬಿದ್ದ ಒಂದೇ ವಾರದಲ್ಲಿ ಅದರ ಒಂದು ಭಾಗಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಇಂಥ ಕಾಯ್ದೆಯಲ್ಲಿ ಇಂದಿನ ಸ್ಥಿತಿ ನಾಳೆ ಇರುವುದಿಲ್ಲ. ಅಪಾಯದ ವರದಿಯಾದರೆ ಪ್ರಕಟಿಸುವ ದಿನವೇ ವಕೀಲರಲ್ಲಿ ಕೇಳಬೇಕು.

ಕಾಯ್ದೆ ಪುಸ್ತಕದಲ್ಲಿ ಇರುವುದಕ್ಕಿಂತ ಭೀಕರವಾದದ್ದು ಠಾಣೆಯಲ್ಲಿ ನಡೆಯುತ್ತದೆ. 2025ರ ಜೂನ್‌ನಲ್ಲಿ ಶಿಕ್ಷಕ, ಬ್ಲಾಗರ್ ಆಲ್ಬರ್ಟ್ ಓಜ್ವಾಂಗ್ ಅವರನ್ನು ಹಿರಿಯ ಪೊಲೀಸ್ ಅಧಿಕಾರಿಯ ಬಗೆಗಿನ ಪೋಸ್ಟ್‌ಗಾಗಿ ಹೋಮಾ ಬೇಯಲ್ಲಿ ಹಿಡಿದು ನೈರೋಬಿಗೆ ಕರೆತಂದರು. ಜೂನ್ 8ರಂದು ಅವರು ಪೊಲೀಸರ ವಶದಲ್ಲೇ ಸತ್ತಿದ್ದರು. ಗೋಡೆಗೆ ತಲೆ ಚಚ್ಚಿಕೊಂಡರು ಎಂದು ಪೊಲೀಸರು ಹೇಳಿದರು. ಶವಪರೀಕ್ಷೆಯಲ್ಲಿ ತಲೆಗೆ ಪೆಟ್ಟು, ಕುತ್ತಿಗೆ ಹಿಸುಕಿದ ಗುರುತು ಕಂಡವು.

ಪತ್ರಕರ್ತರನ್ನು ಪೊಲೀಸರು ಹಿಡಿದರೆ ಅಥವಾ ಹೊಡೆದರೆ ಏನು ಮಾಡಬೇಕು?

ಸಂವಿಧಾನದ 49ನೇ ವಿಧಿಯನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಬಂಧನದ ಕಾರಣ ತಕ್ಷಣ, ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ವಕೀಲರೊಂದಿಗೆ ಮಾತಾಡಲು ಬಿಡಬೇಕು. 24 ಗಂಟೆಯೊಳಗೆ ಕೋರ್ಟ್ ಮುಂದೆ ತರಬೇಕು. ದಂಡ ಮಾತ್ರ ಅಥವಾ 6 ತಿಂಗಳೊಳಗಿನ ಜೈಲು ಇರುವ ಅಪರಾಧಕ್ಕೆ ಕಸ್ಟಡಿಯಲ್ಲಿ ಇಡುವಂತಿಲ್ಲ. ಶುಕ್ರವಾರ ಸಂಜೆ ಬಂಧಿಸುವುದು ಹಳೆಯ ಚಾಳಿ: ಶನಿವಾರ, ಭಾನುವಾರ ಕೋರ್ಟ್ ಇಲ್ಲದ್ದರಿಂದ ಸೋಮವಾರದವರೆಗೆ ಒಳಗಿಡಬಹುದು. ಸೂಕ್ಷ್ಮ ವರದಿಯಿದ್ದರೆ ವಾರಾಂತ್ಯಕ್ಕೆ ಮೊದಲೇ ವಕೀಲರ ಫೋನ್ ನಂಬರು ಕೈಯಲ್ಲಿ ಬರೆದುಕೊಂಡಿರಿ. ಮೊಬೈಲು ಮೊದಲು ಕಿತ್ತುಕೊಳ್ಳುವ ವಸ್ತು.

ಹಲ್ಲೆಯಾದರೆ ಹತ್ತಿರದ ಠಾಣೆಯ ದಿನಚರಿ ಪುಸ್ತಕದಲ್ಲಿ ದೂರು ಬರೆಸಿ, ಅದರ ಓಬಿ ನಂಬರು ಪಡೆಯಬೇಕು. ಈ ನಂಬರಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಸಲೀಸಾಗಿ ನಡೆಯುವುದಿಲ್ಲ. ನಂತರ ಪಿ3 ಎಂಬ ಗಾಯದ ಪ್ರಮಾಣಪತ್ರವನ್ನು ವೈದ್ಯರಿಂದ ತುಂಬಿಸಬೇಕು. ಗಾಯ ಒಣಗುವ ಮುನ್ನ ಮಾಡಿಸಿ, ಒಂದು ವಾರ ಬಿಟ್ಟು ಹೋದರೆ ಬರೆಯಲು ಏನೂ ಉಳಿದಿರುವುದಿಲ್ಲ. ಹರಿದ ಅಂಗಿ, ಒಡೆದ ಕ್ಯಾಮೆರಾವನ್ನು ತೊಳೆಯದೆ, ರಿಪೇರಿ ಮಾಡಿಸದೆ ಇಡಿ. ಆಮೇಲೆ ಪೊಲೀಸರ ಮೇಲೆ ನಿಗಾ ಇಡುವ ಸ್ವತಂತ್ರ ಪ್ರಾಧಿಕಾರವಾದ ಐಪಿಒಎಗೆ ದೂರು, ಅದರ ಪ್ರತಿ ಮೀಡಿಯಾ ಕೌನ್ಸಿಲ್‌ಗೆ. ಹೊಡೆದ ಪೊಲೀಸ್ ಅಧಿಕಾರಿಯ ಬ್ಯಾಡ್ಜ್ ನಂಬರು, ವಾಹನದ ನಂಬರು, ಸಮಯ ಮೂರೂ ಇದ್ದರೆ ದೂರಿಗೆ ಬಲ. ಸಾದಾ ಬಟ್ಟೆ, ಮುಖಗವಸು, ನಂಬರಿಲ್ಲದ ಕಾರು ಬಳಸುವುದು ಇದನ್ನು ತಪ್ಪಿಸಲಿಕ್ಕೆಂದೇ.

2006ರ ಮಾರ್ಚ್ 2ರ ರಾತ್ರಿ ಸ್ಟ್ಯಾಂಡರ್ಡ್ ಪತ್ರಿಕೆಯ ಮೇಲೆ ಮುಖಗವಸಿನ ಪೊಲೀಸರು ದಾಳಿ ಮಾಡಿ ಅಚ್ಚಾದ ಪ್ರತಿಗಳನ್ನು ಸುಟ್ಟರು, ಕೆಟಿಎನ್ ಪ್ರಸಾರ ನಿಲ್ಲಿಸಿದರು. ಹಾವನ್ನು ಕೆಣಕಿದರೆ ಕಚ್ಚಿಸಿಕೊಳ್ಳಲು ತಯಾರಿರಬೇಕು ಎಂದು ಆಗಿನ ಆಂತರಿಕ ಭದ್ರತಾ ಸಚಿವ ಜಾನ್ ಮಿಚುಕಿ ಬಹಿರಂಗವಾಗಿಯೇ ಹೇಳಿದರು. ಕೆನ್ಯಾದ ಪತ್ರಕರ್ತರು ಆ ಮಾತನ್ನು ಇನ್ನೂ ಮರೆತಿಲ್ಲ.

ಮಾಹಿತಿ ಹಕ್ಕು ಅಲ್ಲೂ ಇದೆಯೇ? ಅರ್ಜಿ ಹೇಗೆ ಹಾಕುವುದು?

2016ರ ಕಾಯ್ದೆ ಇದೆ. ಅರ್ಜಿದಾರ ಕೆನ್ಯಾದ ನಾಗರಿಕನಾಗಿರಬೇಕು. ಇಂಗ್ಲಿಷ್ ಅಥವಾ ಸ್ವಾಹಿಲಿಯಲ್ಲಿ ಬರೆಯಬೇಕು, ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಅಧಿಕಾರಿ ಬರೆದುಕೊಳ್ಳಬೇಕು. ಯಾಕೆ ಬೇಕು ಎಂಬ ಕಾರಣ ಕೊಡಬೇಕಿಲ್ಲ. ಅರ್ಜಿಗೆ ಶುಲ್ಕವಿಲ್ಲ, ಪ್ರತಿ ಮಾಡಿಸುವ ಖರ್ಚು ಮಾತ್ರ. ಉತ್ತರಕ್ಕೆ 21 ದಿನ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಕಾಗದಪತ್ರ ಬಹಳ ಇದ್ದರೆ ಒಂದೇ ಸಲ 14 ದಿನಗಳವರೆಗೆ ಮುಂದೂಡಬಹುದು. ಬೇರೆ ಇಲಾಖೆಗೆ ಸೇರಿದ್ದಾದರೆ 5 ದಿನದಲ್ಲಿ ಅಲ್ಲಿಗೆ ಕಳಿಸಬೇಕು. ಉತ್ತರ ಬಾರದಿದ್ದರೆ ನಿರಾಕರಿಸಿದಂತೆಯೇ. ಆಗ ಒಂಬುಡ್ಸ್‌ಮನ್ ಎಂದು ಕರೆಯುವ ಆಡಳಿತ ನ್ಯಾಯ ಆಯೋಗಕ್ಕೆ 30 ದಿನದಲ್ಲಿ ಮರುಪರಿಶೀಲನೆ ಅರ್ಜಿ.

ನಮ್ಮ ಆರ್‌ಟಿಐ ಜತೆ ಹೋಲಿಸಿದರೆ ನಮಗೆ 30 ದಿನ, 10 ರೂಪಾಯಿ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದ ಎಂಬ ಮಿತಿ ಬೇರೆ. ಕಾಗದದ ಮೇಲೆ ಅವರದು ವೇಗದ ಕಾಯ್ದೆ. ಸೋಲುವುದು ಪ್ರಶ್ನೆ ಅಗಲವಾದಾಗ. 'ರಸ್ತೆ ಕಾಮಗಾರಿಯ ಎಲ್ಲ ವಿವರ' ಎಂದರೆ ಅಧಿಕಾರಿಗೆ ತಪ್ಪಿಸಿಕೊಳ್ಳಲು ದಾರಿ. ಒಪ್ಪಂದದ ಹೆಸರು, ಸಹಿಯಾದ ವರ್ಷ, ಬೇಕಾದ ಪುಟ ಅಥವಾ ಅನುಬಂಧ ಇಷ್ಟನ್ನು ಕೇಳಿ.

ಇದಕ್ಕೆ ಒಳ್ಳೆಯ ಉದಾಹರಣೆ ಮೊಂಬಾಸಾ–ನೈರೋಬಿ ರೈಲಿನ ಚೀನಾ ಸಾಲದ ಒಪ್ಪಂದ. ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಕಡತವನ್ನು ಕೊಡಬೇಕೆಂದು ಇಬ್ಬರು ಹೋರಾಟಗಾರರ ಅರ್ಜಿಯ ಮೇಲೆ ಮೊಂಬಾಸಾ ಹೈಕೋರ್ಟ್ 2022ರ ಮೇನಲ್ಲಿ ತೀರ್ಪು ಕೊಟ್ಟಿತು. ಅದೇ ನವೆಂಬರ್‌ನಲ್ಲಿ ಹೊಸ ಸಾರಿಗೆ ಸಚಿವರು ಅದರ ಒಂದಿಷ್ಟು ಭಾಗ ಬಿಡುಗಡೆ ಮಾಡಿದರು.

ಭಾರತದಿಂದ ವರದಿ ಮಾಡಲು ಹೋಗಬೇಕಾದರೆ?

ಪ್ರವಾಸಿಯಂತೆ ಹೋಗಿ ಕ್ಯಾಮೆರಾ ತೆಗೆಯುವುದು ದೊಡ್ಡ ತಪ್ಪು. 2024ರ ಜನವರಿಯಿಂದ ಹಳೆಯ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಇದೆ, ಆದರೆ ಅದೊಂದೇ ಕೆಲಸ ಮಾಡಲು ಅನುಮತಿಯಲ್ಲ. ವಲಸೆ ಇಲಾಖೆಯಿಂದ ವಿಶೇಷ ಪಾಸ್, ಮೀಡಿಯಾ ಕೌನ್ಸಿಲ್‌ನಿಂದ ಅಲ್ಪಾವಧಿಯ ವಿದೇಶಿ ಪತ್ರಕರ್ತರ ಕಾರ್ಡ್ ಬೇಕು. ನಿಮ್ಮ ಸಂಸ್ಥೆಯ ಪತ್ರ, ಪಾಸ್‌ಪೋರ್ಟ್ ಪ್ರತಿ, ಫೋಟೊ ಜತೆಗಿರಲಿ. ಶುಲ್ಕ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ದರವನ್ನೇ ನೋಡಿ. ಸಾಕ್ಷ್ಯಚಿತ್ರವಾದರೆ ಚಿತ್ರೀಕರಣದ ಪರವಾನಗಿ ಬೇರೆ, ಅದನ್ನು ಸ್ಥಳೀಯ ಏಜೆಂಟರ ಮೂಲಕ ಮಾಡಿಸುತ್ತಾರೆ. ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿಯಿಲ್ಲದೆ ಡ್ರೋನ್ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ.

ಹೊರಗಿನ ಪತ್ರಕರ್ತನಿಗೆ ಅಪಾಯವಿಲ್ಲ ಎಂಬ ನಂಬಿಕೆ ಬೇಡ. ತನ್ನ ದೇಶದಿಂದ ತಪ್ಪಿಸಿಕೊಂಡು ಬಂದಿದ್ದ ಪಾಕಿಸ್ತಾನದ ಪತ್ರಕರ್ತ ಅರ್ಷದ್ ಷರೀಫ್ ಅವರನ್ನು 2022ರ ಅಕ್ಟೋಬರ್ 23ರ ರಾತ್ರಿ ಕಜಿಯಾಡೊ ರಸ್ತೆಯಲ್ಲಿ ಕೆನ್ಯಾ ಪೊಲೀಸರು ಗುಂಡಿಕ್ಕಿ ಕೊಂದರು. ಗುರುತು ತಪ್ಪಿತು ಎಂದರು. 2024ರ ಜುಲೈನಲ್ಲಿ ಕಜಿಯಾಡೊ ಹೈಕೋರ್ಟ್ ಅದು ಕಾನೂನುಬಾಹಿರ ಎಂದು ಹೇಳಿ ಕುಟುಂಬಕ್ಕೆ 1 ಕೋಟಿ ಶಿಲ್ಲಿಂಗ್ ಪರಿಹಾರ ನೀಡಲು ಆದೇಶಿಸಿತು.

ಕೆನ್ಯಾದ ಪತ್ರಿಕೆಗಳಲ್ಲಿ ಭಾರತೀಯರ ಪಾತ್ರ ಇತ್ತು ಎನ್ನುತ್ತಾರಲ್ಲ?

ಬುನಾದಿಯಲ್ಲೇ ಇತ್ತು. ಇಂದಿನ ಸ್ಟ್ಯಾಂಡರ್ಡ್ ಪತ್ರಿಕೆಯನ್ನು 1902ರಲ್ಲಿ ಮೊಂಬಾಸಾದಲ್ಲಿ ಆರಂಭಿಸಿದವರು ಕರಾಚಿ ಮೂಲದ ವ್ಯಾಪಾರಿ ಎ.ಎಂ. ಜೀವಂಜಿ. 1905ರಲ್ಲಿ ಅದನ್ನು ಕೊಂಡ ಬ್ರಿಟಿಷ್ ವಲಸಿಗರು ತಮ್ಮ ಮುಖವಾಣಿ ಮಾಡಿಕೊಂಡರು. 1933ರಲ್ಲಿ ನೈರೋಬಿಯಲ್ಲಿ ಕಲೋನಿಯಲ್ ಟೈಮ್ಸ್ ಆರಂಭಿಸಿದ ಗಿರಿಧಾರಿ ಲಾಲ್ ವಿದ್ಯಾರ್ಥಿ ರಾಜದ್ರೋಹದ ಆರೋಪ ಹೊತ್ತು ಜೈಲು ಕಂಡರು.

ಕನ್ನಡಿಗರು ತಿಳಿಯಲೇಬೇಕಾದ ಹೆಸರು ಪಿಯೊ ಗಾಮಾ ಪಿಂಟೊ. 1927ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗ ಓದಲು ಭಾರತಕ್ಕೆ ಬಂದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದ. ಗೋವಾ ವಿಮೋಚನೆಯ ಕೆಲಸದಲ್ಲಿ ತೊಡಗಿ, ಪೋರ್ಚುಗೀಸರ ಕಣ್ಣು ತಪ್ಪಿಸಿ 1949ರಲ್ಲಿ ಕೆನ್ಯಾಕ್ಕೆ ಮರಳಿದ. ಅಲ್ಲಿ ಪತ್ರಕರ್ತನಾಗಿ, ಬ್ರಿಟಿಷರ ವಿರುದ್ಧದ ಮೌ ಮೌ ಹೋರಾಟಕ್ಕೆ ನೆರವಾಗಿ 1954ರಲ್ಲಿ ಬಂಧಿತನಾದ. ವರ್ಷಗಟ್ಟಲೆ ಮಾಂಡಾ ದ್ವೀಪದ ಬಂದಿಖಾನೆಯಲ್ಲಿದ್ದ. ಬಿಡುಗಡೆಯಾದ ಮೇಲೆ ಪ್ಯಾನ್ ಆಫ್ರಿಕನ್ ಪ್ರೆಸ್ ಕಟ್ಟಿ ಸ್ವಾಹಿಲಿಯಲ್ಲಿ ಸೌಟಿ ಯಾ ಮ್ವಾಫ್ರಿಕಾ, ಅಂದರೆ ಆಫ್ರಿಕನ್ನರ ದನಿ, ಹೊರತಂದ. ಸ್ವಾತಂತ್ರ್ಯ ಬಂದು ಎರಡು ವರ್ಷವೂ ತುಂಬಿರಲಿಲ್ಲ, 1965ರ ಫೆಬ್ರುವರಿ 24ರಂದು ನೈರೋಬಿಯ ತನ್ನ ಮನೆಯಂಗಳದಲ್ಲೇ ಗುಂಡಿಗೆ ಬಲಿಯಾದ. ಹೊಸ ಕೆನ್ಯಾದ ಮೊದಲ ರಾಜಕೀಯ ಹತ್ಯೆ ಎಂದು ಅದನ್ನು ಗುರುತಿಸುತ್ತಾರೆ.

2017ರ ಜುಲೈನಲ್ಲಿ ಸರ್ಕಾರ ಏಷ್ಯನ್ನರನ್ನು ಕೆನ್ಯಾದ 44ನೇ ಸಮುದಾಯವೆಂದು ಅಧಿಕೃತವಾಗಿ ಮಾನ್ಯ ಮಾಡಿತು. ನೈರೋಬಿಯ ಎಫ್‌ಎಂನಲ್ಲಿ ಹಿಂದಿ ಹಾಡು ಕೇಳಿದರೆ ಅದು ಅವರದೇ ರೇಡಿಯೋ.

ಜಾಗತಿಕ ಪಟ್ಟಿಯಲ್ಲಿ ಕೆನ್ಯಾ ಎಲ್ಲಿದೆ?

ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್‌ನ 180 ದೇಶಗಳ ಪಟ್ಟಿಯಲ್ಲಿ 2022ರಲ್ಲಿ 69, 2023ರಲ್ಲಿ 116, 2024ರಲ್ಲಿ 102, 2025ರಲ್ಲಿ 117. ಭಾರತ 2025ರಲ್ಲಿ 151. ಸ್ಥಾನಕ್ಕಿಂತ ಒಳಗಿನ ಐದು ಅಂಕಗಳನ್ನು ನೋಡಿ: ರಾಜಕೀಯ, ಆರ್ಥಿಕ, ಕಾನೂನು, ಸಾಮಾಜಿಕ, ಸುರಕ್ಷತೆ. ಬೇರೆ ದೇಶಗಳು ಮೇಲೇರಿದರೂ ಸ್ಥಾನ ಕುಸಿಯುತ್ತದೆ, ಅಂಕ ಹಾಗೆ ಮೋಸ ಮಾಡುವುದಿಲ್ಲ.

ಕೆನ್ಯಾದ ಸುದ್ದಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಂಬಬಹುದೇ?

ಪತ್ರಿಕೆಯ ಮುಖಪುಟದ ಫೋಟೊ ಬಂದರೆ ಮೊದಲು ಅನುಮಾನಿಸಿ. ಚುನಾವಣೆ ಹತ್ತಿರವಾದಂತೆ ನಕಲಿ ಮುಖಪುಟಗಳು ಓಡಾಡುತ್ತವೆ. ಅಕ್ಷರದ ಆಕಾರ, ದಿನಾಂಕಕ್ಕೂ ವಾರಕ್ಕೂ ಹೊಂದಿಕೆ, ಬೆಲೆ ಬರೆದ ಜಾಗ ಇಷ್ಟನ್ನು ಪತ್ರಿಕೆಯ ಅಧಿಕೃತ ಪುಟದಲ್ಲಿರುವ ಅದೇ ದಿನದ ಮುಖಪುಟದೊಂದಿಗೆ ಹೋಲಿಸಿದರೆ ಸಾಕು, ಹೆಚ್ಚಿನವು ಅಲ್ಲೇ ಬೀಳುತ್ತವೆ. ಅನುಮಾನ ಉಳಿದರೆ ಪೆಸಾಚೆಕ್, ಆಫ್ರಿಕಾ ಚೆಕ್ ಮತ್ತು ಪಿಗಾ ಫಿರಿಂಬಿ ಪುಟಗಳಲ್ಲಿ ಹುಡುಕಿ. ಕೊನೆಯದರ ಹೆಸರಿಗೆ ಸ್ವಾಹಿಲಿಯಲ್ಲಿ ಸೀಟಿ ಊದು ಎಂಬ ಅರ್ಥ. ಅದನ್ನು ನಡೆಸುವುದು ಟಿವಿ ಬಿಟ್ಟು ಬಂದ ತನಿಖಾ ಪತ್ರಕರ್ತರು ಕಟ್ಟಿದ ಆಫ್ರಿಕಾ ಅನ್‌ಸೆನ್ಸರ್ಡ್. ಅವರಿಗೆ ಪ್ರಸಾರ ಗೋಪುರವಿಲ್ಲ. ವರದಿಗಳು ನೇರವಾಗಿ ಇಂಟರ್ನೆಟ್‌ಗೆ ಹೋಗುತ್ತವೆ.